ಸ್ಮಾರ್ಟ್ ಮೀಟರ್ ಜಾಲಕ್ಕೆ ಯಾವ ತರಂಗಾಂತರ? ಬ್ರೇಕರ್ ಆದೇಶವೂ ಅದರಲ್ಲೇ ಹೋಗಬಹುದೇ?

ದುರ್ಗದ_ಫೀಡರ್:
ಚಿತ್ರದುರ್ಗದ ಕೋಟೆ ಬುಡದ ಓಣಿಗಳಲ್ಲಿ 500 ಸ್ಮಾರ್ಟ್ ಮೀಟರ್‌ಗಳು, ತುರುವನೂರು ಕಡೆ ಚದುರಿದ ಪಂಪ್‌ಸೆಟ್‌ಗಳು. ಇವೆರಡಕ್ಕೂ ಜಾಲದ ವಿನ್ಯಾಸ ಆಗಬೇಕಿದೆ. 30 ನಿಮಿಷಕ್ಕೊಮ್ಮೆ ರೀಡಿಂಗ್ ಬರಬೇಕು. ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್) ಬ್ರೇಕರ್‌ನ, ಅಂದ್ರೆ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ಚಿನ, ಆನ್-ಆಫ್ ಆದೇಶವನ್ನೂ ಅದೇ ರೇಡಿಯೊದಲ್ಲಿ ಕಳಿಸಬಹುದಾ? 915 ಮೆಗಾಹರ್ಟ್ಸ್ ಮಾಡ್ಯೂಲ್ ಅಗ್ಗಕ್ಕೆ ಸಿಗ್ತಿವೆ, ನಡೆಯುತ್ತಾ?

ಬೆಣ್ಣೆನಗರಿ_ಆರ್‌ಎಫ್:
915 ಬೇಡವೇ ಬೇಡ ಸರ್. ಅಮೆರಿಕದಲ್ಲಿ 902–928 ಮೆಗಾಹರ್ಟ್ಸ್ ಮುಕ್ತ (ಲೈಸೆನ್ಸ್ ಬೇಡ), ನಮ್ಮಲ್ಲಿ 890–915 ಅಂದ್ರೆ ಮೊಬೈಲ್‌ನಿಂದ ಟವರಿಗೆ ಹೋಗುವ ಬ್ಯಾಂಡ್. ಅಲ್ಲಿ ಪ್ರಸಾರ ಮಾಡಿದರೆ ಹತ್ತಿರದ ಟವರಿಗೆ ಫೋನುಗಳ ಸಿಗ್ನಲ್ಲೇ ಕೇಳಿಸಲ್ಲ. ನಮಗಿರುವುದು 865–867, 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ಮಿತಿ ಇಷ್ಟು: ಟ್ರಾನ್ಸ್‌ಮಿಟರ್ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್ ಇಆರ್‌ಪಿ (ಹೊರಸೂಸುವ ಪರಿಣಾಮಕಾರಿ ಶಕ್ತಿ), ಚಾನೆಲ್ ಅಗಲ 200 ಕಿಲೋಹರ್ಟ್ಸ್. ಲೈಸೆನ್ಸ್ ಬೇಡ, ಆದರೆ ಉಪಕರಣಕ್ಕೆ ಡಬ್ಲ್ಯುಪಿಸಿಯ (ಕೇಂದ್ರದ ರೇಡಿಯೊ ತರಂಗಾಂತರ ವಿಭಾಗ) ಇಟಿಎ, ಅಂದ್ರೆ ಉಪಕರಣದ ಮಾದರಿಗೆ ಒಪ್ಪಿಗೆ, ಬೇಕೇ ಬೇಕು.

2.4 ಗಿಗಾಹರ್ಟ್ಸ್ ಕಡೆಗೂ ಹೋಗಬೇಡಿ: ಅಷ್ಟೇ ದೂರಕ್ಕೆ ಸುಮಾರು 9 ಡಿಬಿ (ಡೆಸಿಬೆಲ್) ಹೆಚ್ಚು ನಷ್ಟ, ಅಂದ್ರೆ ತಲುಪುವ ಶಕ್ತಿ ಸುಮಾರು ಎಂಟರಲ್ಲೊಂದು ಪಾಲು, ಮೇಲೆ ಮನೆಮನೆಯ ವೈಫೈ ಗದ್ದಲ. ಕಲ್ಲುಗೋಡೆಗಿಂತ ಜಾಸ್ತಿ ಕಾಡುವುದು ತಗಡಿನ ಮೀಟರ್ ಬಾಕ್ಸ್. ಮುಚ್ಚಳ ಹಾಕಿದ ಕೂಡಲೇ ಸಿಗ್ನಲ್ ಕುಸಿಯುತ್ತೆ. ಸುಮಾರು 8.6 ಸೆಂ.ಮೀ. ಕ್ವಾರ್ಟರ್-ವೇವ್ (ಅಲೆಯುದ್ದದ ಕಾಲುಭಾಗ ಉದ್ದದ) ಆಂಟೆನಾವನ್ನು ಬಾಕ್ಸಿನ ಹೊರಗೇ ಕೂರಿಸಿ, ಅಳತೆಯನ್ನು ಮುಚ್ಚಳ ಹಾಕಿದ ಮೇಲೇ ತಗೊಳ್ಳಿ.

ಟಿಸಿ_ಕಂಬ:
ಸಾಮರ್ಥ್ಯದ ಲೆಕ್ಕ ಹೀಗೆ. ಒಂದು ರೀಡಿಂಗ್ 200 ಬೈಟ್ ಅಂದ್ಕೊಳ್ಳಿ, 50 ಕೆಬಿಪಿಎಸ್ (ಸೆಕೆಂಡಿಗೆ 50,000 ಬಿಟ್) ವೇಗದಲ್ಲಿ 32 ಮಿಲಿಸೆಕೆಂಡ್. ರೀಡಿಂಗ್ ಒಂದು ಮೀಟರಿನಿಂದ ಇನ್ನೊಂದಕ್ಕೆ ದಾಟುವ ಹಾಪ್ ಸರಾಸರಿ 3, ಮೀಟರುಗಳು 500: ಒಟ್ಟು 48 ಸೆಕೆಂಡ್. ಮರುಪ್ರಯತ್ನಕ್ಕೆ ಮೂರು ಪಟ್ಟು ಹಿಡಿದರೂ 1,800 ಸೆಕೆಂಡಿನಲ್ಲಿ ಅದು ಏನೂ ಅಲ್ಲ.

ತೊಂದರೆ ಬರೋದು ಕರೆಂಟ್ ಹೋಗಿ ಬಂದಾಗ. ಎಲ್ಲಾ ಮೀಟರ್ ಒಟ್ಟಿಗೇ ಎದ್ದು ಮಾತಾಡುತ್ತವೆ, ಪ್ಯಾಕೆಟ್‌ಗಳು ಡಿಕ್ಕಿಯಾಗುತ್ತವೆ, ಮರುಪ್ರಯತ್ನವೂ ಒಂದೇ ಹೊತ್ತಿಗೆ ಬಂದು ಮತ್ತೆ ಡಿಕ್ಕಿ. ಪ್ರತಿ ಮೀಟರಿಗೂ ಕೆಲವು ನಿಮಿಷಗಳ ವ್ಯಾಪ್ತಿಯಲ್ಲಿ ಯಾದೃಚ್ಛಿಕ ವಿಳಂಬ ಕೊಡಿ.

ಪಂಪ್‌ಸೆಟ್‌ಗಳಿಗೆ ಮೆಶ್ (ಮೀಟರಿಂದ ಮೀಟರಿಗೆ ದಾಟಿಸುವ ಜಾಲ) ಕಟ್ಟಬೇಡಿ. ನಡುವೆ ಹೊಲ ಬಿಟ್ಟರೆ ಬೇರೆ ಮೀಟರೇ ಇಲ್ಲ, ಹಾಪ್ ಮಾಡೋಕೆ ಯಾರಿದ್ದಾರೆ? ಅಲ್ಲಿಗೆ ಸಿಮ್ ಹಾಕಿದ ಮೀಟರೇ ಸರಿ; ಟವರ್ ಸಿಗ್ನಲ್ಲನ್ನು ಸ್ಥಳದಲ್ಲೇ ಅಳೆದು ನೋಡಿ.

ಸಬ್‌ಸ್ಟೇಷನ್_11ಕೆವಿ:
ಬ್ರೇಕರ್ ವಿಷಯಕ್ಕೆ ಬರ್ತೀನಿ, ಇದು ಜೀವದ ಪ್ರಶ್ನೆ. ಮುಕ್ತ ಬ್ಯಾಂಡಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ ಕಾನೂನಿನ ರಕ್ಷಣೆ ಇಲ್ಲ. ಪಕ್ಕದ ಗೋದಾಮಿನ ಆರ್‌ಎಫ್‌ಐಡಿ ರೀಡರ್ (ಸರಕಿನ ರೇಡಿಯೊ ಚೀಟಿ ಓದುವ ಯಂತ್ರ) ಕೂಡ ಅದೇ 865ರಲ್ಲಿದೆ. ರೀಡಿಂಗ್ ಅರ್ಧ ಗಂಟೆ ತಡವಾದರೆ ನಡೆಯುತ್ತೆ. ಟ್ರಿಪ್ (ಬ್ರೇಕರ್ ತೆರೆದು ಕರೆಂಟ್ ಕಡಿಯುವ) ಆದೇಶ ತಡವಾದರೆ ಲೈನ್ ಮೇಲೆ ಕೈಯಿಟ್ಟವರ ಗತಿ? ಅದಕ್ಕೆ ಫೈಬರ್ ಎಳೆಯಿರಿ, ಆಗದಿದ್ದರೆ ಲೈಸೆನ್ಸ್ ಇರುವ ಪ್ರತ್ಯೇಕ ಚಾನೆಲ್. ರಕ್ಷಣಾ ರಿಲೇ (ಲೈನಿನ ದೋಷ ಪತ್ತೆಹಚ್ಚಿ ಬ್ರೇಕರ್ ತೆರೆಸುವ ಸಾಧನ) ಮಾತ್ರ ಯಾವ ಸಂಪರ್ಕವನ್ನೂ ಕಾಯದೆ ತಾನೇ ಟ್ರಿಪ್ ಮಾಡುವಂತಿರಬೇಕು.