ಪಾರ್ಕಿನ ಜಾರುಬಂಡೆ ವಿಷಯ, ಎಲ್ಲರೂ ಓದಿ

ಮನೆ 27, ಬೆಳಗಿನ ಜಾವ 4:40
ರಾತ್ರಿಯಿಡೀ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. ಮಗಳು ಬೋರಲು ಮಲಗಿದ್ದಾಳೆ, ಮಗ್ಗುಲು ಬದಲಿಸಿದರೆ ಚೀರುತ್ತಾಳೆ. ಎರಡೂ ತೊಡೆಗಳ ಹಿಂದೆ ಅಂಗೈಯಗಲ ಗುಳ್ಳೆ ಎದ್ದಿವೆ. ನಿನ್ನೆ ಸಂಜೆ ನಾಲ್ಕೂವರೆಗೆ, ಅದೇ ಜಾರುಬಂಡೆ. ಹೋದ ವರ್ಷ 33ನೇ ಮನೆಯ ಹುಡುಗನ ಕೈ ಸುಟ್ಟಾಗ "ನೋಡೋಣ, ಮಾಡೋಣ" ಎಂದವರೆಲ್ಲ ಈಗ ಬಂದು ಈ ಕೂಸನ್ನು ನೋಡಿ. ನಾಲ್ಕು ವರ್ಷ ಅವಳಿಗೆ. ಹೊಣೆ ಯಾರದು? ಇವತ್ತು ಹೇಳಲೇಬೇಕು.

ಮನೆ 41, 5:55
(ಗುಲಾಬಿ ಹೂವಿನ ಚಿತ್ರ) ಶುಭೋದಯ. ನಗುತ್ತಾ ಇರಿ, ನಗಿಸುತ್ತಾ ಇರಿ.

ಮನೆ 12, 6:02
ಕಾಕಾ, ಮೇಲೆ ಏನು ಬರೆದಿದ್ದಾರೆಂದು ಓದಿ, ಆಮೇಲೆ ಹೂವು ಕಳಿಸಿ.

ಮನೆ 19, 6:10
ವೈನಿ, ಗುಳ್ಳೆಗಳನ್ನು ಒಡೆಯಬೇಡಿ. ಸುಟ್ಟ ಕೂಡಲೇ ಏನು ಮಾಡಿದಿರಿ?

ಮನೆ 27, 6:12
ಅತ್ತೆ ಟೂತ್‌ಪೇಸ್ಟ್ ಹಚ್ಚಿದರು. ನಲ್ಲಿಯ ಕೆಳಗೆ ಹಿಡಿಯೋಣವೆಂದರೆ ಮಹಡಿಯ ಟ್ಯಾಂಕಿನ ನೀರು ನನ್ನ ಕೈಯನ್ನೇ ಸುಡುತ್ತಿತ್ತು.

ಮನೆ 19, 6:18
ಪೇಸ್ಟ್ ಬೇಡ, ಶಾಯಿ ಬೇಡ, ಅರಿಶಿನ ಬೇಡ, ಮಂಜುಗಡ್ಡೆಯೂ ಬೇಡ. ಹರಿಯುವ ತಣ್ಣೀರು 20 ನಿಮಿಷ, ಅಷ್ಟೇ. ಮೊದಲ ಮೂರು ಗಂಟೆಯೊಳಗೆ ಮಾಡಿದರೂ ಉಪಯೋಗವಿದೆ. ಈ ಬಿಸಿಲಿನಲ್ಲಿ ಮಧ್ಯಾಹ್ನದ ನಲ್ಲಿ ನೀರನ್ನು ನಂಬಬೇಡಿ, ಮಣ್ಣಿನ ಗಡಿಗೆಯ ನೀರನ್ನು ಚೆಂಬಿನಿಂದ ಸುರಿಯುತ್ತಿರಿ. ಮಕ್ಕಳ ಚರ್ಮ ತೆಳು, ನಮಗೆ ಚುರುಕ್ ಎನ್ನುವುದು ಅವರಿಗೆ ಆಳವಾಗಿ ಇಳಿಯುತ್ತದೆ. ಇವತ್ತೇ ಆಸ್ಪತ್ರೆಗೆ ತೋರಿಸಿ. ನನ್ನ ಪಾಳಿ ಎರಡಕ್ಕೆ ಮುಗಿಯುತ್ತದೆ, ಬಂದು ನೋಡುತ್ತೇನೆ.

ಮನೆ 3 (ಮಾಜಿ ಅಧ್ಯಕ್ಷರು), 6:31
ಮಗುವಿಗೆ ಬೇಗ ಗುಣವಾಗಲಿ. ಆದರೆ ಕೆಲವು ಮಾತುಗಳನ್ನು ಹೇಳಲೇಬೇಕು. ಆ ಜಾರುಬಂಡೆ, ಜೋಕಾಲಿ ಎಲ್ಲವೂ 2019ರಲ್ಲಿ ನನ್ನ ಅವಧಿಯಲ್ಲಿ, ನನ್ನ ಓಡಾಟದಿಂದ ದಾನಿಗಳು ಕೊಟ್ಟದ್ದು. ಅಪ್ಪಟ ಸ್ಟೀಲು, ಇವತ್ತಿಗೂ ಒಂದು ತುಕ್ಕಿಲ್ಲ. ಆಗ ಚಪ್ಪಾಳೆ ತಟ್ಟಿದವರು ಇದೇ ಗುಂಪಿನವರು. ಏಪ್ರಿಲ್ ತಿಂಗಳಲ್ಲಿ ನಾಲ್ಕೂವರೆಗೆ ಮಗುವನ್ನು ಬಿಸಿಲಿಗೆ ಕಳಿಸಿದವರು ಯಾರು? "ಮಕ್ಕಳು ಪೋಷಕರ ಜವಾಬ್ದಾರಿಯಲ್ಲಿ ಆಡತಕ್ಕದ್ದು" ಎಂದು ಗೇಟಿನ ಬಳಿ ಫಲಕ ಹಾಕಿಸಿದವನೂ ನಾನೇ.

ಮನೆ 27, 6:33
ನಾನು ಪಕ್ಕದಲ್ಲೇ ನಿಂತಿದ್ದೆ ಸಾಹೇಬರೇ. ಅವಳು ಕುಳಿತಳು, ಜಾರಲಿಲ್ಲ, ಫ್ರಾಕು ಮೇಲೆ ಸರಿದು ತೊಡೆ ತಗಡಿಗೆ ಅಂಟಿಕೊಂಡಿತು. ನಾನು ಎತ್ತುವಷ್ಟರಲ್ಲಿ ಆಗಿಹೋಗಿತ್ತು.

ಮನೆ 12, 6:40
ಅಲ್ಲಿ ರೊಟ್ಟಿ ತಟ್ಟಿ ಹಾಕಿದರೆ ಹಂಚೇ ಬೇಡ.

ಮನೆ 33, 6:44
ನಗೆಯಾಡುವ ಹೊತ್ತಲ್ಲ ಇದು. ನನ್ನ ಮಗನ ಅಂಗೈಯಲ್ಲಿ ಇನ್ನೂ ಕಲೆ ಇದೆ.

ಮನೆ 8, 7:15
ವಕೀಲಿ ಬಿಟ್ಟು ಹನ್ನೊಂದು ವರ್ಷವಾದರೂ ಒಂದು ಮಾತು ಹೇಳುತ್ತೇನೆ. ಫಲಕ ಹಾಕಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ, ಓದಲು ಬಾರದ ಕೂಸಿಗಂತೂ ಅದು ಬರೀ ತಗಡು. ಗ್ಲಾಸ್ಗೋ ಊರಿನ ಸಾರ್ವಜನಿಕ ತೋಟದಲ್ಲಿ ಏಳು ವರ್ಷದ ಹುಡುಗನೊಬ್ಬ ಚೆಲುವಾಗಿ ಕಂಡ ವಿಷದ ಹಣ್ಣು ತಿಂದು ಸತ್ತ. ತಂದೆ ಹೂಡಿದ ದಾವೆ ನಿಲ್ಲುವುದೇ ಇಲ್ಲವೆಂದು ನಗರಸಭೆ ವಾದಿಸಿದರೆ, ಸುಮಾರು ನೂರು ವರ್ಷದ ಹಿಂದೆ, ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ನ್ಯಾಯಾಲಯವೂ ಆಗಿದ್ದ ಅಲ್ಲಿನ ಸಂಸತ್ತಿನ ಮೇಲ್ಮನೆ ನಿಲ್ಲುತ್ತದೆ ಎಂದಿತು. ಮಕ್ಕಳನ್ನು ಸೆಳೆಯುವ ವಸ್ತುವನ್ನು ಅವರ ಕೈಗೆ ಸಿಗುವಂತೆ ಇಟ್ಟವರಿಗೆ ಅದರ ಅಪಾಯದ ಹೊಣೆಯೂ ಇದೆ ಎಂಬುದು ಅದರ ಸಾರ. ನಮ್ಮ ಸುಪ್ರೀಂ ಕೋರ್ಟ್ ಕೂಡ 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ಗೋಪುರದ ಒಡೆತನವಿದ್ದ ಪಾಲಿಕೆಯನ್ನೇ ಹೊಣೆ ಮಾಡಿತು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಪಾರ್ಕು ಈಗ ಯಾರ ಸ್ವಾಧೀನದಲ್ಲಿದೆ?

ಮನೆ 3, 7:19
ಗ್ಲಾಸ್ಗೋದಲ್ಲಿ ಬಿಸಿಲೇ ಇಲ್ಲ ಕಾಕಾ.

ಕಾರ್ಯದರ್ಶಿ, 7:50
ಪಾಲಿಕೆಯವರು "ಬಡಾವಣೆ ಇನ್ನೂ ನಮಗೆ ಹಸ್ತಾಂತರವಾಗಿಲ್ಲ" ಎನ್ನುತ್ತಾರೆ. ಬಡಾವಣೆ ಮಾಡಿದವರು "ಪಾರ್ಕಿನ ಜಾಗವನ್ನು ಎಂದೋ ಬಿಟ್ಟುಕೊಟ್ಟಿದ್ದೇವೆ" ಎನ್ನುತ್ತಾರೆ. ಬಿಟ್ಟುಕೊಟ್ಟ ಪತ್ರದ ನಕಲು ಹಿಂದಿನ ಸಮಿತಿಯ ಕಡತದಲ್ಲಿದೆ. ಹಿಂದಿನ ಸಮಿತಿಯ ಕಡತ ನನಗೆ ಇನ್ನೂ ಬಂದಿಲ್ಲ.

ಮನೆ 3, 7:52
ಕಡತವನ್ನು ಕೇಳುವ ರೀತಿಯಲ್ಲಿ ಕೇಳಿದ್ದರೆ ಕೊಡುತ್ತಿದ್ದೆ.

ಮನೆ 22, 9:05
ನಮ್ಮ ವರ್ಕ್‌ಶಾಪಿನಲ್ಲಿ ದೂರದಿಂದಲೇ ಶಾಖ ಅಳೆಯುವ ಗನ್ ಇದೆ. ಇವತ್ತು ಸಂಜೆ ಅಳೆದು ಹೇಳುತ್ತೇನೆ. ಜಗಳ ಆಮೇಲೆ ಆಡಿ.

ಮನೆ 41, 11:20
(ಫಾರ್ವರ್ಡ್) ಎಚ್ಚರಿಕೆ! ಸೂರ್ಯನು ಭೂಮಧ್ಯರೇಖೆಯ ನೇರಕ್ಕೆ ಬರುವುದರಿಂದ ಮುಂದಿನ ಐದು ದಿನ ಭಯಂಕರ ಶಾಖ, 12ರಿಂದ 3ರವರೆಗೆ ಹೊರಗೆ ಬರಬೇಡಿ, ಕನಿಷ್ಠ ಹತ್ತು ಜನರಿಗೆ ಕಳಿಸಿ.

ಮನೆ 12, 11:26
ಕಾಕಾ, ಸೂರ್ಯ ಅಲ್ಲಿಗೆ ಬಂದು ಹೋದದ್ದು ಮಾರ್ಚ್ 20ರ ಸುಮಾರಿಗೆ. ಇದು ಪ್ರತಿ ವರ್ಷ ತಿರುಗುವ ಸುಳ್ಳು.

ಮನೆ 41, 11:27
ಸುಳ್ಳಾದರೂ ಬಿಸಿಲು ನಿಜವಲ್ಲವೇ?

ಮನೆ 22, ಸಂಜೆ 4:50
ಅಳೆದೆ. ಗಾಳಿಯಲ್ಲಿ 42 ಡಿಗ್ರಿ. ಜಾರುಬಂಡೆಗೆ ಗನ್ ಹಿಡಿದರೆ 47 ತೋರಿಸಿತು. ಅದನ್ನು ನಂಬಬೇಡಿ. ಹೊಳೆಯುವ ಸ್ಟೀಲು ಗನ್ನಿಗೆ ಮೋಸ ಮಾಡುತ್ತದೆ, ತನ್ನ ಶಾಖವನ್ನು ಪೂರ್ತಿ ಹೊರಸೂಸದೆ ಆಕಾಶವನ್ನು ಪ್ರತಿಫಲಿಸುತ್ತದೆ. ಕರೆಂಟಿನ ಕಪ್ಪು ಟೇಪ್ ಒಂದು ಗೇಣು ಅಂಟಿಸಿ, ಅದು ತಗಡಿನಷ್ಟೇ ಬಿಸಿಯಾದ ಮೇಲೆ ಗನ್ನನ್ನು ಟೇಪಿನ ಮೇಲೆ ಹಿಡಿದು ಅಳೆದೆ. 64. ಅರವತ್ತು ಡಿಗ್ರಿಯ ಲೋಹ ದೊಡ್ಡವರ ಚರ್ಮವನ್ನೇ ಐದು ಸೆಕೆಂಡಿನಲ್ಲಿ ಸುಡುತ್ತದೆ. ಮತ್ತೊಂದು ವಿಷಯ: ಜಾರುವ ಮುಖ ನೇರ ಪಶ್ಚಿಮಕ್ಕಿದೆ. ಎರಡು ಗಂಟೆಯಿಂದ ಮುಳುಗುವವರೆಗೂ ಬಿಸಿಲು ಎದುರಿನಿಂದಲೇ ಬೀಳುತ್ತದೆ. ಉತ್ತರಕ್ಕೆ ತಿರುಗಿಸಿ ನೆಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ.

ಮನೆ 3, 4:58
ಪಶ್ಚಿಮಕ್ಕೆ ಇಟ್ಟದ್ದು ವಾಸ್ತು ನೋಡಿ.

ಮನೆ 33, 5:01
ಪ್ಲಾಸ್ಟಿಕ್ಕಿನದು ಹಾಕಿಸಿದರೆ ಮುಗಿಯಿತಲ್ಲ?

ಮನೆ 22, 5:06
ಮುಗಿಯುವುದಿಲ್ಲ ಅಕ್ಕಾ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವ ಒಂದು ಪ್ರಕರಣದಲ್ಲಿ ಹೊರಗಿನ ಶಾಖ ಬರೀ 23 ಡಿಗ್ರಿ, ಮಗು ಸುಟ್ಟುಕೊಂಡದ್ದು ಪ್ಲಾಸ್ಟಿಕ್ ಜಾರುಬಂಡೆಯಲ್ಲಿ. ನೆಲಕ್ಕೆ ಹಾಸುವ ಕಪ್ಪು ರಬ್ಬರೂ ಹಾಗೆಯೇ. ಬೇಕಾದದ್ದು ನೆರಳು.

ಮನೆ 12, 5:09
ನೆರಳು ಇತ್ತಲ್ಲ!

ಮನೆ 33, 5:10
ಹೌದು, ಆ ಬೇವು ಎಲ್ಲಿ ಹೋಯಿತು? ಯುಗಾದಿಗೆ ಇಡೀ ರಸ್ತೆ ಅದರ ಹೂವನ್ನೇ ಕಿತ್ತು ತರುತ್ತಿತ್ತು. ಸಂಜೆಯ ಬಿಸಿಲನ್ನೆಲ್ಲ ಅದು ತಡೆಯುತ್ತಿತ್ತು.

ಮನೆ 8, 5:20
1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅನುಮತಿ ಇತ್ತೇ?

ಮನೆ 3, 5:22
ತಂತಿಗೆ ತಾಗುತ್ತಿತ್ತು. ಕಡಿಯಬೇಕೆಂದು 31 ಮನೆಯವರು ಸಹಿ ಹಾಕಿದ್ದಾರೆ. ಪಟ್ಟಿ ನನ್ನ ಹತ್ತಿರ ಇದೆ, ಬೇಕಾದರೆ ಹಾಕಲೇ? 27ನೇ ಮನೆಯ ಸಹಿ ಎರಡನೆಯದು.

ಕಾರ್ಯದರ್ಶಿ, 5:23
ಕಡತ ಸಿಗುವುದಿಲ್ಲ, ಸಹಿ ಪಟ್ಟಿ ಮಾತ್ರ ಸಿಗುತ್ತದೆ.

ಮನೆ 27, 5:41
ಹಾಕಿ. ಸಹಿ ನಮ್ಮ ಮನೆಯವರದೇ. ಹೊಸ ಕಾರಿನ ಮೇಲೆ ಗೊರವಂಕ ಹಿಕ್ಕೆ ಹಾಕುತ್ತಿದ್ದವು. ಪೆನ್ನು ತಂದುಕೊಟ್ಟವಳು ನಾನು.

ಮನೆ 19, 6:30
ಈಗಷ್ಟೇ ಮಗುವನ್ನು ನೋಡಿ ಬಂದೆ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ್ದಾರೆ, ಎರಡು ದಿನಕ್ಕೊಮ್ಮೆ ಬದಲಿಸಬೇಕು. ದೊಡ್ಡವರು ಜಗಳ ನಿಲ್ಲಿಸಿ ಒಂದು ಕೆಲಸ ಹೇಳಿ.

ಕಾರ್ಯದರ್ಶಿ, 7:02
ಸರಿ. ನಾಲ್ಕು ಕಂಬ, ಹಸಿರು ನೆರಳು ಪರದೆ. ಮನೆಗೆ 300 ರೂಪಾಯಿ. ಜೊತೆಗೆ ಪಾಲಿಕೆಗೊಂದು ಅರ್ಜಿ, ಜಾರುಬಂಡೆಯನ್ನು ಉತ್ತರಕ್ಕೆ ತಿರುಗಿಸಲು. ಬೇಸಿಗೆಯಾದ್ದರಿಂದ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ನಾಳೆ ಎಂಟಕ್ಕೆ ನನ್ನ ಜೊತೆ ಯಾರು ಬರುತ್ತೀರಿ?

ಮನೆ 12, 7:30
ನಾಳೆ ಊರಲ್ಲಿಲ್ಲ.

ಮನೆ 41, 7:34
(ಕೈಮುಗಿದ ಚಿತ್ರ)

ಮನೆ 3, 7:40
300 ಯಾಕೆ? ಗಣಪತಿ ಹಬ್ಬದ ಉಳಿಕೆ ಹಣ ಎಲ್ಲಿ? ಹೊಸ ಸಮಿತಿ ಮೊದಲು ಆ ಲೆಕ್ಕ ಕೊಡಲಿ, ಆಮೇಲೆ ಪರದೆ. ಅಲ್ಲದೆ ಪಾಲಿಕೆಗೆ ಅರ್ಜಿ ಕೊಟ್ಟರೆ ಪಾರ್ಕಿಗೇ ಬೀಗ ಹಾಕುತ್ತಾರೆ. ನಾನು ಅನುಭವದಿಂದ ಹೇಳುತ್ತಿದ್ದೇನೆ.

ಮನೆ 8, 7:44
ಬೀಗ ಹಾಕಿದರೆ ನಾವು ಹಿರಿಯರು ವಾಕಿಂಗ್ ಎಲ್ಲಿ ಮಾಡುವುದು?

ಮನೆ 33, 8:10
ಲೆಕ್ಕದ ಮಾತು ಬಂದಿದ್ದಕ್ಕೆ ಕೇಳುತ್ತೇನೆ, ನೀರು ಬಿಡುವವನಿಗೆ ತಿಂಗಳ ದುಡ್ಡು ಹೋಗಿದೆಯೇ? ನಮ್ಮ ಕಡೆ ಆರು ದಿನದಿಂದ ವಾಲ್ವ್ ತಿರುಗಿಸಿಲ್ಲ.

ಮನೆ 12, 8:11
ನಮಗೂ ಬಂದಿಲ್ಲ. ಮೇಲಿನ ಅಡ್ಡರಸ್ತೆಗೆ ಎರಡು ಸಲ ಬಿಟ್ಟಿದ್ದಾನೆ.

ಮನೆ 3, 8:12
ಇದೇ ಮುಖ್ಯ ವಿಷಯ. ನಾಳೆ ಎಂಟಕ್ಕೆ ಎಲ್ಲರೂ ಖಾಲಿ ಕೊಡ ಹಿಡಿದು ನೀರಿನ ಕಚೇರಿಗೆ ಹೋಗೋಣ. ನಾನೇ ಮುಂದೆ ನಿಲ್ಲುತ್ತೇನೆ.

ಮನೆ 12, 8:13
ನಾನು ಬರುತ್ತೇನೆ.

ಕಾರ್ಯದರ್ಶಿ, 8:15
ಊರಲ್ಲಿಲ್ಲ ಎಂದಿರಿ?

(ಮರುದಿನ)

ಮನೆ 22, ಬೆಳಗ್ಗೆ 10:50
ಯಾರೋ ಜಾರುಬಂಡೆಯ ಮೇಲೆ ಉದ್ದಕ್ಕೂ ಒದ್ದೆ ಗೋಣಿತಟ್ಟು ಹೊದಿಸಿ, ಮೇಲೆ ಕೆಳಗೆ ಸೆಣಬಿನ ಹುರಿಯಿಂದ ಬಿಗಿದಿದ್ದಾರೆ. ಕೈಯಿಟ್ಟು ನೋಡಿದೆ, ತಣ್ಣಗಿದೆ.

ಮನೆ 27, 10:58
ನಮ್ಮ ಅತ್ತೆ ಕಟ್ಟಿದ್ದು. ಒಣಗಿದಾಗ ಆ ಕಡೆ ಹೋಗುವವರು ಒಂದು ಚೆಂಬು ನೀರು ಹಾಕಿ.

ಮನೆ 3, 11:04
ಭಾನುವಾರ ಪಾರ್ಕಿನಲ್ಲಿ ಯೋಗ ಶಿಬಿರವಿದೆ, ಅತಿಥಿಗಳು ಬರುತ್ತಾರೆ. ಅಷ್ಟರೊಳಗೆ ಅದನ್ನು ತೆಗೆಸಿ. ದಾನಿಗಳ ಹೆಸರು ಮುಚ್ಚಿಹೋಗಿದೆ.

ಮನೆ 33, 11:05
ನೀರು ಬಂತು! ಎಲ್ಲರೂ ಮೋಟಾರು ಹಾಕಿಕೊಳ್ಳಿ.