ಅಪ್‌ಡೇಟ್: ಹಳೆಯ ಮಸ್ಟಾಂಗ್ ಮಾದರಿಯ ಬಣ್ಣ ಬಿಟ್ಟಿತು

ಮಾದರಿ ಕಿಟ್‌ಗಳನ್ನು ಮಾಡುವ ಎಎಂಟಿ ಕಂಪನಿಯ 1:25 ಅಳತೆಯ 1966ರ ಫೋರ್ಡ್ ಮಸ್ಟಾಂಗ್ ಪ್ಲಾಸ್ಟಿಕ್ ಮಾದರಿ ಕಾರಿನ ಮೇಲೆ ಯಾರೋ ದಪ್ಪಗೆ ಬಳಿದಿದ್ದ ಎನಾಮಲ್ ಬಣ್ಣವನ್ನು ಪ್ಲಾಸ್ಟಿಕ್ ಕೆಡದಂತೆ ತೆಗೆಯುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಆಯಿತು!

ಬ್ರೇಕ್ ದ್ರವದ ಸಲಹೆ ಬಿಟ್ಟು ಐಸೋಪ್ರೊಪೈಲ್ ಆಲ್ಕೋಹಾಲ್ ಆರಿಸಿಕೊಂಡೆ. ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದಾಗ ಬಣ್ಣ ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂತು. ಬಾಗಿಲಿನ ಗೆರೆಗಳಲ್ಲಿ ಉಳಿದದ್ದನ್ನು ಮರದ ಹಲ್ಲುಕಡ್ಡಿಯಿಂದ ಕೆದಕಿದೆ. ಗ್ರಿಲ್‌ನ ನಡುವಿನ ಪುಟ್ಟ ಕುದುರೆಯ ಕಾಲುಗಳೂ ಈಗ ಸ್ಪಷ್ಟ. ನೋಡಿ ಎಷ್ಟು ಹಿಗ್ಗಿದೆನೋ!

ಬಂಪರ್‌ಗಳ ಮಾಸಿದ ಕ್ರೋಮ್ ಬಟ್ಟೆಯ ಬ್ಲೀಚ್‌ನಲ್ಲಿ ಕರಗಿತು. ಅದು ಅತಿ ತೆಳುವಾದ ಅಲ್ಯೂಮಿನಿಯಂ ಲೇಪ ಅಷ್ಟೆ. ಆದರೆ ಬ್ಲೀಚನ್ನೂ ಆಲ್ಕೋಹಾಲನ್ನೂ ಯಾವ ಕಾರಣಕ್ಕೂ ಒಂದೇ ಪಾತ್ರೆಗೆ ತರಬೇಡಿ, ಬೆರೆತರೆ ವಿಷ.

ಚಕ್ರಗಳದ್ದೇ ದೊಡ್ಡ ಪಾಡು. ಮೃದುವಾದ ವಿನೈಲ್ ಟೈರಿನಿಂದ ಒಸರುವ ಪ್ಲಾಸ್ಟಿಸೈಜರ್ (ವಿನೈಲನ್ನು ಮೆತ್ತಗಿಡುವ ರಾಸಾಯನಿಕ) ವರ್ಷಗಟ್ಟಲೆ ಗಟ್ಟಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ರಿಮ್ಮನ್ನು ತಿಂದಿತ್ತು. ಕುಳಿಗಳಿಗೆ ಪುಟ್ಟಿ ತುಂಬಿ, ಮಟ್ಟಸವಾಗಿ ಉಜ್ಜಿ, ಟೈರು ತಾಗುವ ಜಾಗಕ್ಕೆ ಬೇರ್‌ಮೆಟಲ್ ಫಾಯಿಲ್ (ಅಂಟುಳ್ಳ ಅತಿ ತೆಳುವಾದ ಲೋಹದ ಹಾಳೆ) ಸುತ್ತಿದ್ದೇನೆ. ಮತ್ತೆ ಕರಗದಂತೆ ಅದೇ ತಡೆ. ಕಿಟಕಿಗಳ ಅಂಚಿಗೂ ಅದೇ ಫಾಯಿಲ್, ಹೊಸ ಬ್ಲೇಡಿನಿಂದ ಕತ್ತರಿಸಿದ್ದು. ಬ್ಲೇಡು ಸ್ವಲ್ಪ ಮೊಂಡಾದರೂ ಫಾಯಿಲ್ ಹರಿಯುತ್ತದೆ.

ಗೀರು ಬಿದ್ದಿದ್ದ ಮುಂಗಾಜನ್ನು ನಯವಾದ ಉಜ್ಜುಕಾಗದದಿಂದ ನೀರು ಹಾಕಿ ತಿಕ್ಕಿ, ಪಾಲಿಶ್ ಮಾಡಿದೆ. ಕಾರಿಗೆ ಅಂಟಿಸುವ ಚಿತ್ರಗಳಿರುವ ಡಿಕಾಲ್ ಹಾಳೆ ಮಾತ್ರ ಹಳದಿಯಾಗಿಯೇ ಇದೆ. ಬಿಸಿಲಿಗೆ ಆ ಹಳದಿ ಮಾಸಲೆಂದು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟಿದ್ದೇನೆ.