ಎರಡು ಗ್ರಾಫಿಕ್ಸ್ ಕಾರ್ಡ್ ಹಾಕೋದಾ, ವೇಗದ ಒಂದೇ ಕಾರ್ಡ್ ತಗೊಳ್ಳೋದಾ?

ಕೇಳಿದವರು:
ನನ್ನ ಕಂಪ್ಯೂಟರ್‌ನಲ್ಲಿ ಎಎಮ್‌ಡಿಯ ಆರ್‌ಎಕ್ಸ್ 580, 8 ಜಿಬಿ ಕಾರ್ಡ್ ಇದೆ. ಹೊಸ ಗೇಮ್‌ಗಳಿಗೆ ಸಾಲುತ್ತಿಲ್ಲ. ಅದೇ ಕಾರ್ಡ್ ಇನ್ನೊಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತಿದೆ. ಅದನ್ನು ಕೊಂಡು ಕ್ರಾಸ್‌ಫೈರ್ ಮಾಡಲಾ, ಅಂದರೆ ಎರಡನ್ನೂ ಜೋಡಿಸಿ ಒಟ್ಟಿಗೆ ಓಡಿಸಲಾ? ಇಲ್ಲಾ ಇದನ್ನು ಮಾರಿ, ದುಡ್ಡು ಸೇರಿಸಿ ಆರ್‌ಎಕ್ಸ್ 6600 ತಗೊಳ್ಳಲಾ? ಪವರ್ ಸಪ್ಲೈ 550 ವ್ಯಾಟ್. ಬಿಡುವಾದಾಗ 3ಡಿ ಅನಿಮೇಷನ್ ಮಾಡುವ ಬ್ಲೆಂಡರ್‌ ತಂತ್ರಾಂಶದಲ್ಲೂ ಕೆಲಸ ಮಾಡುತ್ತೇನೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಎರಡು ಕಾರ್ಡ್ ಇಟ್ಟುಕೊಂಡು ಆಡಿದವರು:
ಗೇಮ್‌ಗಾದರೆ 6600 ತಗೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮಧ್ಯಮ ದರ್ಜೆಯ ಎರಡು ಕಾರ್ಡ್ ಜೋಡಿಸಿ ಕೆಲವು ವರ್ಷ ಆಡಿದ್ದೇನೆ. ಗೇಮ್ ಒಪ್ಪಿಕೊಂಡರೆ ವೇಗ ನಿಜಕ್ಕೂ ಖುಷಿ ಕೊಡುತ್ತಿತ್ತು. ಒಪ್ಪದಿದ್ದರೆ ಎರಡನೇ ಕಾರ್ಡ್ ಸುಮ್ನೆ ಕೂತಿರುತ್ತಿತ್ತು. ಕೆಲವು ಗೇಮ್‌ಗಳಲ್ಲಿ ನೆರಳುಗಳೆಲ್ಲ ಮಿನುಗುತ್ತಿದ್ದವು. ಎರಡನೇ ಕಾರ್ಡ್ ಆಫ್ ಮಾಡಿದರೆ ಸರಿಹೋಗುತ್ತಿತ್ತು.

ಯಾಕೆ ಹೀಗೆ ಅಂದರೆ, ಕಾರ್ಡ್ ಜೋಡಿಸುವ ತಂತ್ರಗಳಲ್ಲಿ ಎನ್‌ವಿಡಿಯಾದ ಎಸ್‌ಎಲ್‌ಐ 2004ರಲ್ಲಿ, ಎಟಿಐನ (ಮುಂದೆ ಎಎಮ್‌ಡಿ ಕೊಂಡ ಕಂಪನಿ) ಕ್ರಾಸ್‌ಫೈರ್ 2005ರಲ್ಲಿ ಬಂದವು. ಎರಡರಲ್ಲೂ ಹೆಚ್ಚಾಗಿ ನಡೆಯುತ್ತಿದ್ದುದು ಸರದಿ ಕೆಲಸ. ಒಂದು ಫ್ರೇಮ್ (ಪರದೆ ಮೇಲೆ ಒಂದಾದ ಮೇಲೊಂದು ಬರುವ ಚಿತ್ರಗಳಲ್ಲಿ ಒಂದು) ಈ ಕಾರ್ಡ್ ಬಿಡಿಸಿದರೆ ಮುಂದಿನದು ಆ ಕಾರ್ಡ್. ಆಗಿನ ಗೇಮ್‌ಗಳಿಗೆ ಅದು ಹೊಂದುತ್ತಿತ್ತು. ಈಗಿನವು ಚಿತ್ರದ ಅಂಚು ನಯ ಮಾಡುವುದಕ್ಕೇ ಹಿಂದಿನ ಫ್ರೇಮ್‌ನ ಮಾಹಿತಿ ಕೇಳುತ್ತವೆ. ಆ ಫ್ರೇಮ್ ಇರುವುದು ಪಕ್ಕದ ಕಾರ್ಡ್‌ನಲ್ಲಿ, ಅಲ್ವಾ? ಅಲ್ಲಿಂದ ತರಿಸಿಕೊಳ್ಳುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಹೋಗುತ್ತದೆ.

ಫ್ರೇಮ್ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ಎರಡು ಕಾರ್ಡ್ ಇದ್ದಾಗ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಮುಂದಿನದು 28ಕ್ಕೆ ಬರಬಹುದು. ಸರಾಸರಿ ತೆಗೆದರೆ ಆಗಲೂ 60 ಅಂತಲೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ತಡೆತಡೆದು ಓಡಿದ ಹಾಗೆ ಕಾಣುತ್ತದೆ. ಇದನ್ನೇ ಮೈಕ್ರೋ ಸ್ಟಟರ್ ಅನ್ನುತ್ತಾರೆ. 2013ರಲ್ಲಿ ಎಎಮ್‌ಡಿ ಡ್ರೈವರ್‌ನಲ್ಲೇ ಇದಕ್ಕೆ ಪರಿಹಾರ ತಂದಿತು. ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇನ್ನು ಮೆಮೊರಿ. 8ಕ್ಕೆ 8 ಸೇರಿ 16 ಜಿಬಿ ಆಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಒಂದೇ ಮಾಹಿತಿ ಎರಡೂ ಕಾರ್ಡ್‌ಗಳಲ್ಲಿ ಇರಬೇಕು. ಹಾಗಾಗಿ ಗೇಮ್‌ಗೆ ಸಿಗುವುದು 8 ಜಿಬಿಯೇ.

ಕಂಪನಿಗಳೂ ಇದನ್ನು ಕೈಬಿಟ್ಟಿವೆ. 2021ರ ಜನವರಿ 1ರಿಂದ ಎನ್‌ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಗೇಮ್‌ಗೂ ಡ್ರೈವರ್‌ನಲ್ಲಿ ಬೇಕಾಗುವ ಎಸ್‌ಎಲ್‌ಐ ಸೆಟ್ಟಿಂಗ್) ಸೇರಿಸುವುದನ್ನು ನಿಲ್ಲಿಸಿತು. ಗೇಮ್‌ಗಳು ಕಾರ್ಡ್ ಜೊತೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್‌ನಲ್ಲಿ ಎರಡು ಕಾರ್ಡ್ ಬಳಸುವ ದಾರಿ ಇದೆ. ಆದರೆ ಗೇಮ್ ಮಾಡುವವರೇ ಅದಕ್ಕೆ ಕೋಡ್ ಬರೆಯಬೇಕು. ಎರಡು ಕಾರ್ಡ್ ಇರುವವರೇ ಅಪರೂಪ ಆಗಿರುವಾಗ ಯಾರು ಬರೆಯುತ್ತಾರೆ?

ಕಂಪ್ಯೂಟರ್ ಜೋಡಿಸುವ ಕೆಲಸದವರು:
ಮೇಲಿನವರು ಹೇಳಿದ್ದು ಸರಿ. ನಾನು ಕರೆಂಟಿನ ಲೆಕ್ಕ ಸೇರಿಸುತ್ತೇನೆ. ಒಂದು 580ಕ್ಕೆ 185 ವ್ಯಾಟ್. ಎರಡಕ್ಕೆ 370. ಪ್ರೊಸೆಸರ್ ಮತ್ತೆ ಉಳಿದದ್ದು ಸೇರಿದರೆ ನಿಮ್ಮ 550 ವ್ಯಾಟ್ ಬಿಗಿಯಾಗುತ್ತದೆ. ಸಪ್ಲೈ ಹಳೆಯದಾಗಿದ್ದರೆ ನಾನಂತೂ ಜೋಡಿಸಿ ಕೊಡುವುದಿಲ್ಲ. ಹೊಸ ಸಪ್ಲೈ ಕೊಂಡರೆ ಉಳಿತಾಯ ಅಲ್ಲೇ ಮುಗಿಯಿತು. 6600ಕ್ಕೆ ಸಾಕಾಗುವುದು 132 ವ್ಯಾಟ್.

ಮದರ್‌ಬೋರ್ಡ್ ಮಾದರಿಯನ್ನೂ ನೋಡಿ. ಕಡಿಮೆ ದರ್ಜೆಯ ಬೋರ್ಡ್‌ಗಳಲ್ಲಿ ಎರಡನೇ ಉದ್ದದ ಸ್ಲಾಟ್ ನೋಡಲು ಮೊದಲನೆಯದರ ಹಾಗೇ ಇರುತ್ತದೆ. ಒಳಗೆ ಹೆಚ್ಚೆಂದರೆ ನಾಲ್ಕೇ ಲೇನ್ (ಮಾಹಿತಿ ಓಡಾಡುವ ದಾರಿ), ಅದೂ ನೇರ ಪ್ರೊಸೆಸರ್‌ಗೆ ಅಲ್ಲ, ಬೋರ್ಡ್‌ನ ಚಿಪ್‌ಸೆಟ್ ಮೂಲಕ. ಬಿಸಿಯ ಸಮಸ್ಯೆ ಬೇರೆ. ಮೇಲಿನ ಕಾರ್ಡ್‌ನ ಫ್ಯಾನ್ ಎಳೆದುಕೊಳ್ಳುವುದು ಕೆಳಗಿನ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ.

ಅನಿಮೇಷನ್ ಕೆಲಸದವರು:
ನೀವು ಬ್ಲೆಂಡರ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ರೆಂಡರಿಂಗ್‌ಗೆ, ಅಂದರೆ 3ಡಿ ದೃಶ್ಯದಿಂದ ಕೊನೆಯ ಚಿತ್ರ ತೆಗೆಯುವುದಕ್ಕೆ, ಎರಡು ಕಾರ್ಡ್ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಇಲ್ಲಿ ಕೆಲಸ ತಾನಾಗೇ ಹಂಚಿಹೋಗುತ್ತದೆ. ಒಂದು ಕಾರ್ಡ್ ಇನ್ನೊಂದಕ್ಕೆ ಕಾಯಬೇಕಾಗಿಲ್ಲ, ಸ್ಟಟರ್ ಅನ್ನುವ ಮಾತೇ ಇಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಈಗಲೂ ಎರಡಿವೆ. ಎರಡನೆಯದು ಹಾಕಿದ ಮೇಲೆ ದೊಡ್ಡ ದೃಶ್ಯಗಳ ರೆಂಡರ್ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಪೂರ್ತಿ ದೃಶ್ಯ ಪ್ರತಿ ಕಾರ್ಡ್‌ನ ಮೆಮೊರಿಯಲ್ಲೂ ಹಿಡಿಸಬೇಕು. ಮೆಮೊರಿ ಇಲ್ಲೂ ಕೂಡುವುದಿಲ್ಲ.

ನಿಮ್ಮ ವಿಷಯದಲ್ಲಿ ತೊಂದರೆ ಬೇರೆಯೇ ಇದೆ. 2021ರ ಡಿಸೆಂಬರ್‌ನಲ್ಲಿ ಬಂದ ಬ್ಲೆಂಡರ್ 3.0, ಎಎಮ್‌ಡಿ ಕಾರ್ಡ್‌ಗಳಲ್ಲಿ ರೆಂಡರ್ ಮಾಡಲು ಬಳಕೆಯಲ್ಲಿದ್ದ ಓಪನ್‌ಸಿಎಲ್ ಬೆಂಬಲವನ್ನು ತೆಗೆದುಹಾಕಿತು. ಅದರ ಬದಲು ಎಎಮ್‌ಡಿ ಕಾರ್ಡ್‌ಗಳಿಗೆ ಬಂದದ್ದು ಎಚ್‌ಐಪಿ. ಅದು ನಡೆಯುವ ಕಾರ್ಡ್‌ಗಳ ಪಟ್ಟಿಯಲ್ಲಿ 580 ಇಲ್ಲ. ಅಂದರೆ ಈಗಿನ ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ನಿಮ್ಮ ಕಾರ್ಡ್ ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ. ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. 6600ಕ್ಕೆ ಬೆಂಬಲ ಇದೆ. ನನ್ನ ಕೇಳಿದರೆ ಇದೊಂದೇ ಕಾರಣ ಸಾಕು.

ಭಾಷಾ ಮಾಡೆಲ್ ಓಡಿಸುವವರು:
ಕೇಳಿದವರಿಗೆ ಇದು ಬೇಕಾಗಲಿಕ್ಕಿಲ್ಲ, ಮುಂದೆ ಓದುವವರಿಗೆ ಇರಲಿ. ಮನೆಯಲ್ಲೇ ಎಐ ಭಾಷಾ ಮಾಡೆಲ್ ಓಡಿಸುವುದಾದರೆ ಲೆಕ್ಕ ತಿರುಗುತ್ತದೆ. ಮಾಡೆಲ್‌ನ ಪದರಗಳನ್ನು ಹಂಚಿ ಅರ್ಧ ಒಂದು ಕಾರ್ಡ್‌ನಲ್ಲಿ, ಅರ್ಧ ಇನ್ನೊಂದರಲ್ಲಿ ಇಡಬಹುದು. ಮೆಮೊರಿ ಇಲ್ಲಿ ನಿಜವಾಗಿ ಕೂಡುತ್ತದೆ. ಆರ್‌ಟಿಎಕ್ಸ್ 3060, 12 ಜಿಬಿಯದು ಎರಡಿದ್ದರೆ 24 ಜಿಬಿ. ವೇಗ ಮಾತ್ರ ಎರಡು ಪಟ್ಟು ಆಗುವುದಿಲ್ಲ. ಹೀಗೆ ಹಂಚಿದಾಗ ಒಂದು ಕಾರ್ಡ್ ತನ್ನ ಪಾಲು ಮುಗಿಸುವ ತನಕ ಇನ್ನೊಂದು ಕಾಯುತ್ತದೆ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಲೆಂಡರ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು ಕೊನೆ ಪ್ರಶ್ನೆ. ನನ್ನ ಬೋರ್ಡ್‌ನಲ್ಲಿ ಕಾರ್ಡ್ ಕೂರಿಸುವ ಸ್ಲಾಟ್ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0. 6600 ನಡೆಯುತ್ತಾ?

ಕಂಪ್ಯೂಟರ್ ಜೋಡಿಸುವ ಕೆಲಸದವರು:
ನಡೆಯುತ್ತದೆ. 6600 ಎಂಟೇ ಲೇನ್ ಬಳಸುವ ಕಾರ್ಡ್. 3.0 ಬೋರ್ಡ್‌ನಲ್ಲಿ ಸ್ವಲ್ಪ ವೇಗ ಕಡಿಮೆಯಾಗಬಹುದು, ಆಡುವಾಗ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಟೆಕ್ಸ್ಚರ್ ಸೆಟ್ಟಿಂಗ್ ಮಾತ್ರ 8 ಜಿಬಿ ಮೀರದ ಹಾಗೆ ನೋಡಿಕೊಳ್ಳಿ. ಮೀರಿದಾಗಲೇ 3.0ರ ಕೊರತೆ ಜಾಸ್ತಿ ಕಾಣುವುದು. ಬೋರ್ಡ್‌ನ ಬಯೋಸ್ ಅಪ್‌ಡೇಟ್ ಮಾಡಿ. ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ. 580 ಮಾರುವುದನ್ನು ಒಂದು ವಾರ ತಡ ಮಾಡಿ, ಹೊಸ ಕಾರ್ಡ್ ಸರಿಯಾಗಿ ಓಡುತ್ತಿದೆ ಅಂತ ಖಾತ್ರಿ ಆಗಲಿ.